ಕೊಳ್ಳುವ ಮೊದಲು ತೂತು ಎಣಿಸಿ: ಹಳೆಯ ಲಿವರ್ ರೈಫಲ್ ಮತ್ತು ಅದರ ಕಾಲದ ಸ್ಕೋಪ್

ಹಳೆಯ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಕೂತಿರುವ ಲಿವರ್ ಆಕ್ಷನ್ ರೈಫಲ್, ಅಂದರೆ ಟ್ರಿಗರ್ ಬಳಿಯ ಲಿವರ್ ಇಳಿಸಿ ಏರಿಸಿ ತೋಟಾ ತುಂಬುವ ರೈಫಲ್, ಕೊಂಡರೆ ಕೈಗೆ ಬರುವುದು ಮೂರು ವಸ್ತು: ರೈಫಲ್, ಸ್ಕೋಪ್, ಎರಡನ್ನೂ ಹಿಡಿದಿಟ್ಟಿರುವ ಮೌಂಟ್. ಮಾರುವವರು ಮೂರಕ್ಕೂ ಸೇರಿಸಿ ಒಂದೇ ಬೆಲೆ ಹೇಳುತ್ತಾರೆ. ಜೊತೆಗೆ "ಅಜ್ಜನ ಕಾಲದಿಂದ ಹೀಗೇ ಇದೆ" ಎಂದು ಒಂದು ಮಾತು ಸೇರಿಸುತ್ತಾರೆ. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ರಿಸೀವರಿನ (ಬ್ಯಾರೆಲ್ ಹಿಂದೆ ಯಂತ್ರಭಾಗಗಳು ಕೂತಿರುವ ಉಕ್ಕಿನ ಮೈ) ಮೇಲಿರುವ ಸ್ಕ್ರೂ ತೂತುಗಳು ಹೇಳಿಬಿಡುತ್ತವೆ. ಯಾವಾಗ ಕೊರೆದದ್ದು, ಎಷ್ಟು ಸಲ ಕೊರೆದದ್ದು, ಕೊರೆದವರಿಗೆ ಕೆಲಸ ಗೊತ್ತಿತ್ತೇ ಇಲ್ಲವೇ, ಎಲ್ಲಕ್ಕೂ ಅಲ್ಲೇ ಉತ್ತರವಿದೆ.

ಈ ವಸ್ತುಗಳು ಅಮೆರಿಕದವು, ಮಾರುಕಟ್ಟೆಯೂ ಅಲ್ಲಿಯದೇ. ಲಿವರ್ ರೈಫಲ್ ನಮ್ಮ ಕಾಡುಗಳಿಗೆ ಪೂರ್ತಿ ಅಪರಿಚಿತವೇನಲ್ಲ, ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲಲ್ಲಿದ್ದದ್ದು .405 ಬೋರಿನ ವಿಂಚೆಸ್ಟರ್ 1895. ಆದರೆ ಸ್ಕೋಪ್ ಸಮೇತ ಇವನ್ನು ಸಂಗ್ರಹಿಸುವ ಅವಕಾಶ ಇರುವುದು ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿನ ವಿವರಗಳನ್ನು ಕೊಟ್ಟಿದೆ.

ಮೊದಲು ಕಾನೂನು

ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು 'ಆಂಟಿಕ್'. ಫೆಡರಲ್ ಕಾನೂನಿನ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ. ಇಲ್ಲಿ ನೋಡುವುದು ರಿಸೀವರ್ ತಯಾರಾದ ವರ್ಷ. ಬ್ಯಾರೆಲ್ ಮೇಲಿನ ಪೇಟೆಂಟ್ ದಿನಾಂಕವೂ ಅಲ್ಲ, ಮಾಡೆಲಿನ ಹೆಸರೂ ಅಲ್ಲ. 'ವಿಂಚೆಸ್ಟರ್ 1894' ಎಂದು ಕೆತ್ತಿದ ರೈಫಲ್ 1925ರಲ್ಲಿ ತಯಾರಾಗಿರಬಹುದು. 1899ರಿಂದ ಈಚಿನದಾಗಿದ್ದು ಐವತ್ತು ವರ್ಷ ದಾಟಿದ್ದರೆ ಅದು 'ಕ್ಯೂರಿಯೋ ಅಂಡ್ ರೆಲಿಕ್' ವರ್ಗಕ್ಕೆ ಸೇರುತ್ತದೆ. ಈ ವರ್ಗದವನ್ನು ಸಂಗ್ರಾಹಕರ ಲೈಸೆನ್ಸ್, ಅಂದರೆ ಟೈಪ್ 03 ಎಫ್‌ಎಫ್‌ಎಲ್ (ಫೆಡರಲ್ ಬಂದೂಕು ಲೈಸೆನ್ಸ್) ಇದ್ದವರು ಬೇರೆ ರಾಜ್ಯದಿಂದಲೂ ನೇರವಾಗಿ ಮನೆಗೆ ತರಿಸಿಕೊಳ್ಳಬಹುದು. ಶುಲ್ಕ ಮೂರು ವರ್ಷಕ್ಕೆ 30 ಡಾಲರ್. ಬಂದದ್ದು, ಹೋದದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಸ್ಕೋಪ್ ಮೌಂಟ್ ಕೂಡಿಸಿದಂಥ ಸಣ್ಣ ಬದಲಾವಣೆಯಿಂದ ಈ ವರ್ಗ ತಪ್ಪುವುದಿಲ್ಲ. ಬ್ಯಾರೆಲ್ಲನ್ನೇ ಬೇರೆ ಬೋರಿಗೆ ಬದಲಿಸಿದ್ದರೆ ಮಾತ್ರ ಮುಟ್ಟುವ ಮೊದಲು ಕೇಳಿ ತಿಳಿಯಬೇಕು.

ಎಚ್1ಬಿ ಮುಂತಾದ ನಾನ್-ಇಮಿಗ್ರಂಟ್ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ನಿಷೇಧವಿದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದು ಮುಖ್ಯ ವಿನಾಯಿತಿಗಳಲ್ಲಿ ಒಂದು. ಆ ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ರೈಫಲ್ ಮಾತ್ರ ಬೀರುವಿನಲ್ಲೇ ಇರುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇದರ ಮೇಲೆ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ; ಫೆಡರಲ್ ಕಾನೂನಿಗೆ ಆಂಟಿಕ್ ಆದದ್ದು ರಾಜ್ಯದ ಕಾನೂನಿಗೆ ಬಂದೂಕೇ ಆಗಿರಬಹುದು.

ಊರಿಗೆ ತರುವ ಆಸೆ ಬೇಡ. ಭಾರತದಲ್ಲಿ ಆಮದಿಗೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು, 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. "ಬರೀ ಸ್ಕೋಪ್ ತಾನೇ" ಎಂದು ಸೂಟ್‌ಕೇಸಿಗೆ ಹಾಕಿಕೊಳ್ಳುವುದೂ ತಪ್ಪು. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆ.

ಯಾವ ರೈಫಲ್ ಹುಡುಕಬೇಕು

ವಿಂಚೆಸ್ಟರಿನ 1886, 1892, 1894 ಮೂರೂ ಖಾಲಿ ತೋಟಾವನ್ನು ನೆತ್ತಿಯ ಮೇಲಕ್ಕೆ ಎಸೆಯುತ್ತವೆ. ಸ್ಕೋಪನ್ನು ಬ್ಯಾರೆಲ್ಲಿನ ನೇರಕ್ಕೆ, ತಗ್ಗಿನಲ್ಲಿ ಕೂರಿಸಿದರೆ ಖಾಲಿ ತೋಟಾ ಕೊಳವೆಗೆ ಬಡಿದು ಮತ್ತೆ ಒಳಕ್ಕೇ ಬೀಳುತ್ತದೆ. ಆದ್ದರಿಂದ ಇವುಗಳ ಮೇಲೆ ಸ್ಕೋಪನ್ನು ಎಡಕ್ಕೆ ಸರಿಸಿ ಕೂರಿಸುತ್ತಿದ್ದರು. ಹಾಗೆ ಕೂರಿಸಿದಾಗ ಕೆನ್ನೆ ರೈಫಲ್ಲಿನ ಮರದ ಹಿಡಿಯ ಮೇಲೆ ನಿಲ್ಲುವುದಿಲ್ಲ, ಗುರಿ ಒಂದು ದೂರಕ್ಕೆ ಸರಿಹೊಂದಿದರೆ ಇನ್ನೊಂದು ದೂರಕ್ಕೆ ಅಡ್ಡ ಸರಿಯುತ್ತದೆ. ಸಾಲದ್ದಕ್ಕೆ ಹೊರಗಿರುವ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಸ್ಕೋಪಿಗೆ ತೀರಾ ಹತ್ತಿರವಾದರೆ ಹೆಬ್ಬೆರಳಿಗೆ ಸುಲಭವಾಗಿ ಎಟಕುವುದಿಲ್ಲ. ಈ ರೈಫಲ್‌ಗಳ ಮೇಲೆ ಅದೇ ಕಾಲದ ಸ್ಕೋಪ್ ಅಪರೂಪ, ನಕಲಿಯೇ ಹೆಚ್ಚು.

ಮಾರ್ಲಿನ್ 1889ರಿಂದ ರಿಸೀವರಿನ ತಲೆ ಮುಚ್ಚಿ ಖಾಲಿ ತೋಟಾವನ್ನು ಬಲಕ್ಕೆ ಹೊರಹಾಕಿತು. 1893, 1894, 1895 ಮಾಡೆಲ್‌ಗಳೂ ಹಾಗೇ. ಸ್ಕೋಪಿಗೆ ಜಾಗವಿದೆ, ಆದರೆ ಹ್ಯಾಮರ್ ಹೊರಗೇ ಇದೆ. ಅದಕ್ಕೆ ಪಕ್ಕಕ್ಕೆ ಚಾಚಿದ ಒಂದು ಸಣ್ಣ ತುಂಡು ಸಿಕ್ಕಿಸುವ ರೂಢಿ.

ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ಸ್ಯಾವೇಜ್ 99 ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಆರ್ಥರ್ ಸ್ಯಾವೇಜ್ ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ 1899ರಲ್ಲಿ ಹೊರತಂದ ಈ ರೈಫಲ್ ಸಣ್ಣ ಬದಲಾವಣೆಗಳೊಂದಿಗೆ ಇಪ್ಪತ್ತನೇ ಶತಮಾನದ ಕೊನೆಯವರೆಗೂ ತಯಾರಾಯಿತು. ಇದಕ್ಕೆ ಹ್ಯಾಮರ್ ಹೊರಗಿಲ್ಲ, ತೋಟಾ ಬಲಕ್ಕೆ ಹಾರುತ್ತದೆ, ಸುತ್ತುವ ಹಿತ್ತಾಳೆ ಮ್ಯಾಗಜಿನ್‌ನಲ್ಲಿ ಐದು ತೋಟಾ. ಎಷ್ಟು ಉಳಿದಿವೆ ಎಂಬ ಅಂಕಿ ರಿಸೀವರಿನ ಎಡಮೈಯ ಪುಟ್ಟ ಕಿಂಡಿಯಲ್ಲಿ ಕಾಣುತ್ತದೆ. ಮ್ಯಾಗಜಿನ್ ಕೊಳವೆಯಾಕಾರದ್ದಲ್ಲದ ಕಾರಣ ಚೂಪು ಮೂತಿಯ ಗುಂಡನ್ನೂ ಹಾಕಬಹುದು. ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಚೂಪು ಮೂತಿ ಮುಂದಿನದರ ಪ್ರೈಮರಿಗೆ (ತೋಟಾದ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಭಾಗ) ಒತ್ತಿಕೊಳ್ಳುತ್ತದೆ, ಅಪಾಯ. ಹೀಗಾಗಿ ದೂರದ ಗುರಿಗೆ ತಕ್ಕ ತೋಟಾ, ಅದಕ್ಕೆ ತಕ್ಕ ಸ್ಕೋಪ್ ಎರಡೂ ಈ ರೈಫಲ್ಲಿಗೆ ಸಹಜವಾಗಿ ಒದಗಿಬಂದವು. 1899ರ ಈಚಿನವಾದ್ದರಿಂದ ಇವು ಫೆಡರಲ್ ಕಾನೂನಿನ 'ಆಂಟಿಕ್' ಅಲ್ಲ, ಐವತ್ತು ವರ್ಷ ದಾಟಿದವು ಕ್ಯೂರಿಯೋ ವರ್ಗದವು.

ಕಾಲ ಹೊಂದಿಸುವುದು

'ಅದೇ ಕಾಲದ ಸ್ಕೋಪ್' ಎಂದರೆ ಆ ರೈಫಲ್ ಹೊಸದಾಗಿದ್ದಾಗ, ಇಲ್ಲವೇ ಅದು ಬೇಟೆಗೆ ಓಡಾಡಿಕೊಂಡಿದ್ದ ವರ್ಷಗಳಲ್ಲಿ, ಅಂಗಡಿಯಲ್ಲಿ ಸಿಗುತ್ತಿದ್ದ ಸ್ಕೋಪ್. ಸ್ಥೂಲವಾಗಿ ಲೆಕ್ಕ ಹೀಗಿದೆ.

ಹತ್ತೊಂಬತ್ತನೇ ಶತಮಾನದ ರೈಫಲ್‌ಗಳಿಗೆ ನ್ಯೂಯಾರ್ಕಿನ ಸಿರಾಕ್ಯೂಸ್‌ನ ವಿಲಿಯಂ ಮ್ಯಾಲ್ಕಂ ಮಾದರಿ: ಬ್ಯಾರೆಲ್ಲಿನ ಉದ್ದಕ್ಕೂ ಚಾಚಿದ ಸಪೂರ ಉಕ್ಕಿನ ಕೊಳವೆ. ಒಳಗೆ ಗುರಿ ಹೊಂದಾಣಿಕೆಯ ತಿರುಪು ಇಲ್ಲ, ಎಲ್ಲವೂ ಮೌಂಟ್‌ನಲ್ಲಿ. 1901ರಲ್ಲಿ ಸ್ಟೀವನ್ಸ್ ಕಂಪನಿ ಕ್ಯಾಟರಾಕ್ಟ್ ಕಂಪನಿಯನ್ನು ಕೊಂಡು ಇದೇ ಬಗೆಯ ಸ್ಕೋಪ್‌ಗಳನ್ನು ಮಾರಿತು. 1910ರ ಆಸುಪಾಸಿನಲ್ಲಿ ಬಂದ ವಿಂಚೆಸ್ಟರ್ ಎ5 ಐದು ಪಟ್ಟು ಹಿಗ್ಗಿಸುವ, ಮುಕ್ಕಾಲು ಇಂಚು ಕೊಳವೆಯ ಸ್ಕೋಪ್. 1928ರ ಹೊತ್ತಿಗೆ ಅದು ಲೈಮನ್ ಕೈಗೆ ಹೋಗಿ ಲೈಮನ್ 5ಎ ಆಯಿತು. ಇದೇ ಅವಧಿಯಲ್ಲಿ ಜರ್ಮನಿಯ ಝೈಸ್, ಹೆನ್ಸೋಲ್ಟ್ ಸ್ಕೋಪ್‌ಗಳೂ ಹಣವಂತ ಬೇಟೆಗಾರರ ರೈಫಲ್‌ಗಳ ಮೇಲೆ ಕೂತವು.

1930 ಒಂದು ತಿರುವು. ಬಿಲ್ ವೀವರ್ 330 ಮಾಡೆಲನ್ನು ಮೌಂಟ್ ಸೇರಿಸಿ 19 ಡಾಲರಿಗೆ ಮಾರಲು ಶುರು ಮಾಡಿದ ಮೇಲೆ ಸಾಮಾನ್ಯ ಬೇಟೆಗಾರರೂ ಸ್ಕೋಪ್ ಕಂಡರು. ಮುಕ್ಕಾಲು ಇಂಚಿನ ಉಕ್ಕಿನ ಕೊಳವೆ, ಒಳಗೇ ಹೊಂದಾಣಿಕೆ. ಕಂಪನಿ 1933ರಲ್ಲಿ ಟೆಕ್ಸಾಸ್‌ನ ಎಲ್ ಪಾಸೋಗೆ ಹೋಯಿತು, ಆದ್ದರಿಂದ ಕೊಳವೆಯ ಮೇಲೆ ಎಲ್ ಪಾಸೋ ಎಂದಿದ್ದರೆ ಅದು 1933ರ ಈಚಿನದು. 1930ರ ದಶಕದ ಕೊನೆಗೆ ಬಂದ ಲೈಮನ್ ಅಲಾಸ್ಕನ್ ಎರಡೂವರೆ ಪಟ್ಟಿನದು, 7/8 ಇಂಚು ಕೊಳವೆ. ಸ್ಯಾವೇಜ್ 99ಕ್ಕೆ ಇದಕ್ಕಿಂತ ಒಪ್ಪುವ ಸ್ಕೋಪ್ ಇಲ್ಲ ಎಂದರೆ ತಪ್ಪಾಗದು. 1947ರಿಂದ ಒಂದು ಇಂಚಿನ ವೀವರ್ ಕೆ2.5, ಕೆ4 ಬಂದವು. ಅದೇ ವರ್ಷ ಲ್ಯೂಪೋಲ್ಡ್ ಸಾರಜನಕ ತುಂಬಿದ, ಒಳಗೆ ಮಂಜು ಕಟ್ಟದ ಪ್ಲೇನ್ಸ್‌ಮನ್ ತಂದಿತು. ಅದಕ್ಕೂ ಹಿಂದಿನ ಯಾವ ಅಮೆರಿಕನ್ ಸ್ಕೋಪ್ ಆದರೂ ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದಾಗ ಒಳಗೆ ಮಸುಕಾದರೆ ಆಶ್ಚರ್ಯವಿಲ್ಲ.

ಕೊಳವೆಯ ಅಳತೆಯನ್ನು ಕ್ಯಾಲಿಪರ್‌ನಿಂದಲೇ ನೋಡಿ. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ., 7/8 ಇಂಚು ಎಂದರೆ 22.2 ಮಿ.ಮೀ., ಒಂದು ಇಂಚು ಎಂದರೆ 25.4 ಮಿ.ಮೀ. ಜರ್ಮನ್ ಕೊಳವೆಗಳು ಸಾಮಾನ್ಯವಾಗಿ 22 ಅಥವಾ 26 ಮಿ.ಮೀ. ಸುತ್ತ. 26ರದ್ದನ್ನು, ಕೊಳವೆಯನ್ನು ಹಿಡಿಯುವ ಒಂದು ಇಂಚಿನ ರಿಂಗ್‌ಗೆ ಒತ್ತಿ ಕೂರಿಸಿದವರು ಕೊಳವೆಯನ್ನು ಹಿಸುಕಿಯೇ ಇರುತ್ತಾರೆ.

ಒಂದು ಎಚ್ಚರ: ವೀವರ್ 330ರ ಸೇನಾ ರೂಪ ಎಂ73ಬಿ1. ಅಲಾಸ್ಕನ್‌ನ ಸೇನಾ ರೂಪಗಳು ಎಂ81, ಎಂ82. ಸ್ಪ್ರಿಂಗ್‌ಫೀಲ್ಡ್ ಸ್ನೈಪರ್ ರೈಫಲ್ ಸಂಗ್ರಹಿಸುವವರು ಇವಕ್ಕೆ ಬಹಳ ಹೆಚ್ಚು ಕೊಡುತ್ತಾರೆ, ಹಾಗಾಗಿ ಸುಳ್ಳು ಮುದ್ರೆಯ ಹಾವಳಿಯೂ ಇದೆ. ಬೇಟೆ ರೈಫಲ್ಲಿಗೆ ಸೇನಾ ಮುದ್ರೆ ಬೇಕಿಲ್ಲ, ಆ ಬೆಲೆ ಕೊಡಬೇಕಾದ್ದೂ ಇಲ್ಲ.

ಕೈಯಲ್ಲಿ ಹಿಡಿದು ನೋಡುವ ಕ್ರಮ

ಬೇಕಾದ್ದು: ಸಣ್ಣ ಟಾರ್ಚ್, ಹತ್ತು ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ), ಕ್ಯಾಲಿಪರ್, ಆರು ಇಂಚಿನ ಉಕ್ಕಿನ ಸ್ಕೇಲ್, ಬ್ಯಾರೆಲ್ ಒಳಗೆ ಬೆಳಕು ಬಿಡುವ ಬೋರ್ ಲೈಟ್, ತೆಳು ಹತ್ತಿ ಕೈಗವಸು.

1. ಲಿವರ್ ಪೂರ್ತಿ ಇಳಿಸಿ. ಚೇಂಬರ್ (ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಗೂಡು) ಖಾಲಿಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಮ್ಯಾಗಜಿನ್ ಅಂಕಿಯನ್ನು ನಂಬಿ ಬಿಡಬೇಡಿ, ಹಳೆಯ ಸ್ಪ್ರಿಂಗ್ ಸೋತಿದ್ದರೆ ಅದು ಸುಳ್ಳು ಹೇಳುತ್ತದೆ.

2. ಸೀರಿಯಲ್ ಸಂಖ್ಯೆ. ಸ್ಯಾವೇಜ್ 99ರಲ್ಲಿ ಅದು ರಿಸೀವರಿನ ತಳದಲ್ಲಿ, ಮುಂಭಾಗಕ್ಕೆ. ಹಳೆಯವುಗಳಲ್ಲಿ ಅದೇ ಸಂಖ್ಯೆ ಬಟ್‌ಪ್ಲೇಟಿನ (ಹಿಡಿಯ ಹಿಂತುದಿ ಮುಚ್ಚುವ ತಟ್ಟೆ) ಒಳಮೈ, ಹಿಡಿಯ ಹಿಂತುದಿ, ಫೋರೆಂಡಿನ (ಬ್ಯಾರೆಲ್ ಅಡಿಯ ಮರ) ಒಳಮೈಗಳಲ್ಲೂ ಇರುತ್ತದೆ. ಬಟ್‌ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ತೋರಿಸಲು ಮಾರುವವರನ್ನೇ ಕೇಳಿ. ಮೂರೂ ಹೊಂದಿದರೆ ಮರ ಮೂಲದ್ದು. 1949ರಿಂದ ಲಿವರ್ ರಿಸೀವರಿಗೆ ಸೇರುವ ದುಂಡು ಭಾಗದ ಮೇಲೆ ಅಂಡಾಕಾರದೊಳಗೆ ಒಂದು ಅಕ್ಷರ ಒತ್ತಿರುತ್ತಾರೆ. 'ಎ' ಇದ್ದರೆ 1949, 'ಬಿ' ಇದ್ದರೆ 1950, ಹೀಗೆ ಮುಂದಕ್ಕೆ.

3. ಮರ. 99ರ ಹಿಡಿ ಹಿಂದಿನಿಂದ ಬರುವ ಉದ್ದ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಅದು ಸಡಿಲಾದರೆ ಪ್ರತಿ ಗುಂಡಿಗೂ ರಿಸೀವರಿನ ಹಿಂಬದಿಯ ಲೋಹದ ಬಾಲ, ಅಂದರೆ ಟ್ಯಾಂಗ್, ಮರವನ್ನು ಬೆಣೆಯಂತೆ ಸೀಳುತ್ತದೆ. ಮೇಲಿನ ಟ್ಯಾಂಗ್ ಮುಗಿಯುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಲೂಪ್ ಹಿಡಿದು ನೋಡಿ. ಎಣ್ಣೆ ಕುಡಿದು ಕಪ್ಪಾದ ಮರದಲ್ಲಿ ಬಿರುಕು ಕಾಣದು, ಹಿಡಿಯನ್ನು ಮೆಲ್ಲಗೆ ತಿರುಚಿದರೆ ಕಿರುಗುಟ್ಟುತ್ತದೆ.

4. ಬ್ಯಾರೆಲ್. 99ರ ರಿಸೀವರ್ ಹಿಂದೆ ಮುಚ್ಚಿರುವುದರಿಂದ ಬೋಲ್ಟ್ ರೈಫಲ್ಲಿನ ಹಾಗೆ ಹಿಂದಿನಿಂದ ಇಣುಕಲಾಗದು. ಚೇಂಬರಿನಲ್ಲಿ ಬೆಳಕಿಟ್ಟು ಮೂತಿಯ ಕಡೆಯಿಂದ ನೋಡಬೇಕು. ಹಿಂದೆ ಪ್ರೈಮರುಗಳಲ್ಲಿದ್ದ ಉಪ್ಪಿನಿಂದ ಚೇಂಬರಿನ ಮುಂದಿನ ಕೆಲವು ಇಂಚು ಗುಳಿ ಬಿದ್ದಿರುವುದು ಸಾಮಾನ್ಯ.

5. ಬಿಚ್ಚುವ ಮಾದರಿ, ಅಂದರೆ ಟೇಕ್‌ಡೌನ್ ಆದರೆ, ಫೋರೆಂಡ್ ತೆಗೆದು ಬ್ಯಾರೆಲ್ಲನ್ನು ಕೈಯಿಂದ ಅಲುಗಿಸಿ. ಸಡಿಲವಿದ್ದರೆ ಸ್ಕೋಪಿಗೆ ಅರ್ಥವಿಲ್ಲ. ಮೌಂಟಿನ ಒಂದು ಕಾಲು ಬ್ಯಾರೆಲ್ ಮೇಲೆ, ಇನ್ನೊಂದು ರಿಸೀವರ್ ಮೇಲೆ ಇದ್ದರೆ ಬಿಚ್ಚಿ ಜೋಡಿಸಿದಾಗಲೆಲ್ಲ ಗುರಿ ಬದಲಾಗುತ್ತದೆ. ಎರಡೂ ಕಾಲು ರಿಸೀವರ್ ಮೇಲೆಯೇ ಇರಬೇಕು.

6. ಮರುಬಣ್ಣ. ತಯಾರಕರ ಅಕ್ಷರಗಳ ಅಂಚು ಮಸುಕಾಗಿದ್ದು ಲೋಹ ಮಾತ್ರ ಹೊಳೆಯುತ್ತಿದ್ದರೆ, ಸ್ಕ್ರೂ ತೂತಿನ ಬಾಯಿ ಬಟ್ಟಲಿನಂತೆ ಒಳಸರಿದಿದ್ದರೆ, ಪಾಲಿಶ್ ಚಕ್ರಕ್ಕೆ ಕೊಟ್ಟು ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ ಬಣ್ಣ ಬರಿಸುವುದು) ಮಾಡಿಸಿದ್ದಾರೆ ಎಂದರ್ಥ. ಸವೆದು ಕಂದಾದ ಮೂಲ ಬಣ್ಣಕ್ಕೆ ಸಂಗ್ರಾಹಕರು ಕೊಡುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕೆ ಸಿಗುವುದಿಲ್ಲ.

ತೂತುಗಳು

ಈಗ ನಿಧಾನವಾಗಿ ನೋಡಬೇಕಾದ ಭಾಗ. ಮೌಂಟ್ ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ 'ಮೂಲ ಜೋಡಿ'ಯ ಬೆಲೆ ಕೊಡಬೇಡಿ, ರೈಫಲ್ಲಿಗೆ ತೂತು ಬಿದ್ದದ್ದೆಂದು ಭಾವಿಸಿಯೇ ಬೆಲೆ ಹೇಳಿ.

ಹಳೆಯ 99ರ ಟ್ಯಾಂಗ್ ಮೇಲಿನ ಎರಡು ತೂತು ಕಾರ್ಖಾನೆಯವೇ ಆಗಿರಬಹುದು, ಟ್ಯಾಂಗ್ ಸೈಟ್ ಕೂರಿಸಲೆಂದು ಕೊರೆದು ಸ್ಕ್ರೂ ತುಂಬಿಸಿ ಕೊಡುತ್ತಿದ್ದರು. ರಿಸೀವರಿನ ನೆತ್ತಿಗೆ ಸ್ಕೋಪ್ ತೂತುಗಳು ಕಾರ್ಖಾನೆಯಿಂದ ಬರತೊಡಗಿದ್ದು 1950ರ ಆಸುಪಾಸಿನಲ್ಲಿ. ಹಾಗಾದರೆ 1930ರ ದಶಕದ 99ರ ನೆತ್ತಿಯಲ್ಲಿ ತೂತಿದ್ದರೆ ಅದು ಆಮೇಲೆ ಯಾರೋ ಕೊರೆದದ್ದು. ಎಡಮೈಯಲ್ಲಿ ಮೂರರಿಂದ ಐದು ತೂತಿದ್ದರೆ ಪಕ್ಕದ ಮೌಂಟ್. ಗ್ರಿಫಿನ್ ಅಂಡ್ ಹೋ ಮಾದರಿಯ ಪಕ್ಕದ ಮೌಂಟ್‌ನಲ್ಲಿ ಸ್ಕ್ರೂಗಳ ನಡುವೆ ಮೊನಚು ಪಿನ್ನುಗಳ ತೂತೂ ಕಾಣಬೇಕು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಸ್ಟಿತ್ ಕಂಪನಿ ರೈಫಲ್ಲಿನಲ್ಲಿ ಮೊದಲೇ ಇದ್ದ, ಮೂಲ ಸೈಟ್ ಕೂರಿಸುವ ಸೀಳು, ತೂತುಗಳನ್ನೇ ಬಳಸುವ, ಮನೆಯಲ್ಲೇ ಕೂರಿಸಬಹುದಾದ ಮೌಂಟ್‌ಗಳನ್ನು ಮಾಡಿತು. ಸ್ಟಿತ್ ಮೌಂಟ್ ಇರುವ 99ರಲ್ಲಿ ಹೊಸ ತೂತೇ ಇಲ್ಲದಿದ್ದರೆ ಹುಡುಕಿದ್ದು ಸಿಕ್ಕಿತೆಂದು ತಿಳಿಯಿರಿ.

ಬೇಸ್ (ರಿಸೀವರಿಗೆ ಸ್ಕ್ರೂ ಹಾಕಿ ಕೂರಿಸಿದ ಮೌಂಟಿನ ತಳಭಾಗ) ತೆಗೆದಾಗ ಅದರ ಅಡಿಯ ಲೋಹ ಮಾತಾಡುತ್ತದೆ. ನಿಜವಾಗಿ ಎಪ್ಪತ್ತು ಎಂಬತ್ತು ವರ್ಷ ಕೂತಿದ್ದ ಬೇಸ್ ಆದರೆ ಅಡಿಯಲ್ಲಿ ಮೂಲ ನೀಲಿ ಕಡುವಾಗಿ, ಮುಟ್ಟದ ಹಾಗೆ ಉಳಿದಿರುತ್ತದೆ. ಸುತ್ತಲಿನ ರಿಸೀವರ್ ಮಾತ್ರ ಕೈ ಬೆವರಿಗೆ ಕಂದಾಗಿರುತ್ತದೆ. ಎರಡರ ಗಡಿಯಲ್ಲಿ ಬೇಸಿನ ಆಕಾರದ್ದೇ ಒಂದು ಗೆರೆ, ಆ ಗೆರೆಯಲ್ಲಿ ಒಣಗಿ ಜೇನುಬಣ್ಣಕ್ಕೆ ತಿರುಗಿದ ಗ್ರೀಸು. ತೂತಿನ ಥ್ರೆಡ್ ಒಳಗೂ ಅದೇ ಕಪ್ಪು-ಕಂದು. ಇದಕ್ಕೆ ಬದಲು ಥ್ರೆಡ್ ಬೆಳ್ಳಿಯಂತೆ ಹೊಳೆಯುತ್ತಿದ್ದರೆ, ಬೇಸಿನ ಅಡಿಯೂ ಸುತ್ತಲಿನಷ್ಟೇ ಕಂದಾಗಿದ್ದರೆ, ಮೌಂಟ್ ಇತ್ತೀಚೆಗೆ ಕೂತದ್ದು. ಸ್ಕೋಪ್ ಕೊಳವೆಯ ಮೇಲೂ ಇದೇ ಪರೀಕ್ಷೆ: ರಿಂಗ್ ಕೂತ ಗುರುತು ಒಂದೇ ಜೊತೆ ಇರಬೇಕು, ಅದು ಈಗಿನ ರಿಂಗ್ ಇರುವ ಜಾಗದಲ್ಲೇ ಇರಬೇಕು. ಬೇರೆ ಅಂತರದಲ್ಲಿ ಇನ್ನೊಂದು ಜೊತೆ ಗುರುತಿದ್ದರೆ ಆ ಸ್ಕೋಪ್ ಬೇರೊಂದು ರೈಫಲ್ಲಿನಿಂದ ಬಂದದ್ದು. ಅದು ತಪ್ಪಲ್ಲ, ಹಳೆಯ ಕಾಲದಲ್ಲೂ ಜನ ಸ್ಕೋಪ್ ಬದಲಿಸುತ್ತಿದ್ದರು. ಜೋಡಿಯ ಬೆಲೆ ಮಾತ್ರ ಕೊಡಬೇಕಿಲ್ಲ.

ಅಮೆರಿಕನ್ ಮೌಂಟ್ ಸ್ಕ್ರೂ ಬಹುಪಾಲು 6-48: ವ್ಯಾಸ 0.138 ಇಂಚು, ಇಂಚಿಗೆ 48 ಸುತ್ತು. 8-40 ಅಳತೆಯ ದಪ್ಪ ತೂತು ಕಂಡರೆ ಮೊದಲಿನ ಥ್ರೆಡ್ ಹಾಳಾಗಿ ದೊಡ್ಡದು ಮಾಡಿದ್ದಾರೆಂದು ಅನುಮಾನಿಸಿ. ಬೆಸುಗೆ ತುಂಬಿ ತೂತು ಮುಚ್ಚಿದ್ದರೆ ಟಾರ್ಚನ್ನು ಲೋಹಕ್ಕೆ ಸಮತಲವಾಗಿ ಹಿಡಿದಾಗ ಸಣ್ಣ ತಗ್ಗೋ ಉಬ್ಬೋ ಕಾಣುತ್ತದೆ, ಅಲ್ಲಿನ ಬಣ್ಣವೂ ಸುತ್ತಲಿನದಕ್ಕೆ ಹೊಂದುವುದಿಲ್ಲ. ಆಮೇಲೆ ಕೊರೆದ ತೂತಿನಿಂದ ಅಪರೂಪದ ಮಾದರಿಯ ಬೆಲೆ ಅರ್ಧಕ್ಕೆ ಇಳಿಯುವುದುಂಟು. ಆದರೆ 1930-40ರ ದಶಕದಲ್ಲಿ ಒಳ್ಳೆಯ ಕೆಲಸಗಾರ ಕೊರೆದು, ಅದೇ ಮೌಂಟ್, ಅದೇ ಸ್ಕೋಪ್ ಇಂದಿಗೂ ಕೂತಿದ್ದರೆ ಆ ರೈಫಲ್ಲನ್ನು ಕೆಟ್ಟದ್ದೆನ್ನಲಾಗದು, ಅದು ಅದರ ಬಾಳಿನ ಭಾಗ. ಬೇಟೆಗೆ ಬಳಸಿದ ರೈಫಲ್ಲಿನ ಸಂಗ್ರಾಹಕರು ಇಂಥದನ್ನೇ ಹುಡುಕಬೇಕು. ತೂತಿಲ್ಲದ 99 ಸಿಕ್ಕರೆ ಅದನ್ನು ಹಾಗೇ ಬಿಡಿ. ಸ್ಕೋಪ್ ಆಸೆಗೆ ಡ್ರಿಲ್ ಹಿಡಿಯುವುದಕ್ಕಿಂತ ತೂತು ಬಿದ್ದ ಇನ್ನೊಂದು 99 ಕೊಳ್ಳುವುದು ಅಗ್ಗ.

ಸ್ಕೋಪ್ ಪರೀಕ್ಷೆ

ಬಲ್ಬಿನ ಪ್ರತಿಬಿಂಬವನ್ನು ಮುಂದಿನ ಲೆನ್ಸಿನಲ್ಲಿ ನೋಡಿ. ಎರಡನೇ ಮಹಾಯುದ್ಧಕ್ಕೆ ಹಿಂದಿನ ಅಮೆರಿಕನ್ ಸ್ಕೋಪ್‌ಗಳ ಲೆನ್ಸಿಗೆ ಲೇಪನವಿರಲಿಲ್ಲ, ಪ್ರತಿಬಿಂಬ ಬಿಳಿಯಾಗಿರಬೇಕು. ನೀಲಿ, ನೇರಳೆ, ಹಸಿರು ಕಂಡರೆ ಲೆನ್ಸ್ ಆಮೇಲಿನದು, ಇಲ್ಲವೇ ಇಡೀ ಸ್ಕೋಪೇ ಹೊಸದು. ಮ್ಯಾಲ್ಕಂ ಮಾದರಿಯ ಹೊಸ ಪ್ರತಿಕೃತಿಗಳು ಮಾರುಕಟ್ಟೆಯಲ್ಲಿವೆ, ಬಣ್ಣ ತೆಗೆದು ತುಕ್ಕು ಹಿಡಿಸಿದರೆ ಮೇಲ್ನೋಟಕ್ಕೆ ಹಳೆಯದೇ. ಅಂಥವನ್ನು ಈ ಒಂದು ಪರೀಕ್ಷೆ ಹಿಡಿದುಕೊಡುತ್ತದೆ.

ಮುಂದೆ ಬೆಳಗಿದ ಬಿಳಿ ಗೋಡೆಯತ್ತ ಹಿಡಿದು ನೋಡಿ. ಜೋಡಿ ಲೆನ್ಸ್‌ಗಳನ್ನು ಕೆನಡಾ ಬಾಲ್ಸಮ್ ಎಂಬ ಅಂಟಿನಿಂದ ಕೂಡಿಸುತ್ತಿದ್ದರು. ಅದು ಬಿಟ್ಟುಕೊಂಡರೆ ಅಂಚಿನಿಂದ ಒಳಕ್ಕೆ ಎಲೆಯ ನರಗಳಂತೆ ಗೆರೆ ಹಬ್ಬುತ್ತದೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣ ಮೂಡುತ್ತದೆ. ಅಂಚಿನಲ್ಲಷ್ಟೇ ಇದ್ದರೆ ಪರವಾಗಿಲ್ಲ. ನಡುವಿಗೆ ಬಂದಿದ್ದರೆ ಬಿಚ್ಚಿ ಮತ್ತೆ ಅಂಟಿಸುವ ಕೆಲಸಕ್ಕೆ ಸ್ಕೋಪಿನ ಬೆಲೆಗಿಂತ ಹೆಚ್ಚು ತಗಲಬಹುದು. ಜೇಡರ ಬಲೆಯಂಥ ಗೆರೆಗಳಿದ್ದರೆ ಫಂಗಸ್. ಲೆನ್ಸಿನ ಗಾಜನ್ನೇ ತಿಂದಿದ್ದರೆ ಒರೆಸಿದರೂ ಗುರುತು ಹೋಗದು.

ಹೊಂದಾಣಿಕೆಯ ತಿರುಪನ್ನು ತಿರುಗಿಸಿದಾಗ ಗುರಿಯ ಅಡ್ಡ-ಉದ್ದ ಗೆರೆ, ಅಂದರೆ ಕ್ರಾಸ್‌ಹೇರ್ ಸಾಗಬೇಕು, ಸಾಗಿದ್ದು ವಾಪಸ್ಸೂ ಬರಬೇಕು. ಸಾಗಿ ಅಲ್ಲೇ ನಿಂತರೆ ಒಳಗಿನ ಸ್ಪ್ರಿಂಗ್ ಸತ್ತಿದೆ. ಇಲ್ಲೊಂದು ವಿಷಯ ಅನೇಕರನ್ನು ತಬ್ಬಿಬ್ಬು ಮಾಡುತ್ತದೆ: ಈ ಸ್ಕೋಪ್‌ಗಳಲ್ಲಿ ಕ್ರಾಸ್‌ಹೇರ್ ನೋಟದ ನಡುವಿನಿಂದ ಪಕ್ಕಕ್ಕೆ ಸರಿದು ಕಾಣುವುದು ದೋಷವಲ್ಲ, ಆಗಿನ ರಚನೆಯೇ ಹಾಗೆ. ಮೌಂಟ್ ಸೊಟ್ಟಗಿದ್ದು, ಆ ಸೊಟ್ಟವನ್ನು ಸ್ಕೋಪಿನ ತಿರುಪಿನಿಂದ ಸರಿಮಾಡಿದಾಗ ಕ್ರಾಸ್‌ಹೇರ್ ಮೂಲೆಗೆ ಹೋಗುತ್ತದೆ. ತೀರಾ ಮೂಲೆಯಲ್ಲಿದ್ದರೆ ಸ್ಕೋಪನ್ನು ಬೈಯಬೇಡಿ, ತೂತು ಕೊರೆದವರನ್ನು ಬೈಯಿರಿ.

ಕೊನೆಗೆ ಸ್ಕೋಪನ್ನು ರಿಂಗ್‌ನಿಂದ ತೆಗೆದು ಕೊಳವೆಯನ್ನು ಗಾಜಿನ ಮೇಲೆ ಉರುಳಿಸಿ. ಕೆಳಗೆ ಬೆಳಕು ತೂರಿ ಮರೆಯಾಗಿ ಮತ್ತೆ ತೂರಿದರೆ ಬಾಗಿದೆ. ಮುಕ್ಕಾಲು ಇಂಚಿನ ಕೊಳವೆ ತೆಳುವಾದದ್ದು, ಬಾಗಿದ್ದನ್ನು ನೆಟ್ಟಗೆ ಮಾಡುವ ಗೋಜಿಗೆ ಹೋದರೆ ಒಳಗಿನ ಲೆನ್ಸ್ ಒಡೆಯುತ್ತದೆ.

ಮತ್ತೆ ಕೂರಿಸುವುದು

ಇರುವ ತೂತಿಗೇ ಕೂರಿಸುವ ಕ್ರಮ ಇದು. ಜಾಮ್ ಆದ ಸ್ಕ್ರೂ ಇದ್ದರೆ ತೂರುವ ಎಣ್ಣೆ ಒಂದು ಹನಿ ಬಿಟ್ಟು ಒಂದು ದಿನ ಕಾಯಿರಿ. ಆಮೇಲೂ ಬಾರದಿದ್ದರೆ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ನಿನ ಬಿಸಿ ತಾಗಿಸಿ. ಸ್ಕೋಪ್ ಆಗ ಮೈಮೇಲೆ ಇರಬಾರದು. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿನ ಉದ್ದ, ಅಗಲ ಎರಡನ್ನೂ ತುಂಬಬೇಕು, ಪಕ್ಕ ಸಮಾಂತರವಾಗಿರಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ಇಳಿಜಾರು ತುದಿ ಮೇಲಕ್ಕೆ ಜಾರಿ ಸೀಳನ್ನು ಕಿತ್ತುಬಿಡುತ್ತದೆ, ಆ ಒಂದು ಗೀರು ಫೋಟೋದಲ್ಲಿ ಎದ್ದು ಕಾಣುತ್ತದೆ.

ತೂತು, ಸ್ಕ್ರೂ ಎರಡರ ಜಿಡ್ಡು ತೆಗೆದು ಬೇಸ್ ಕೂರಿಸಿ 15ರಿಂದ 20 ಇಂಚು-ಪೌಂಡ್ ಬಿಗಿ ಮಾಡಿದರೆ ಸಾಕು. ಪ್ರತಿ ಸ್ಕ್ರೂ ಬಿಗಿದ ಮೇಲೆ ಲಿವರನ್ನು ನಿಧಾನ ಆಡಿಸಿ. ಉದ್ದ ಹೆಚ್ಚಾದ ಸ್ಕ್ರೂ ಬೋಲ್ಟಿಗೆ ತಾಗಿ ಉಜ್ಜುತ್ತದೆ. ಚೇಂಬರಿನ ಮೇಲೆ ಕೂತ ಬೇಸ್ ಆದರೆ ಉದ್ದ ಸ್ಕ್ರೂ ತೂತಿನ ತಳಕ್ಕೆ ಒತ್ತಿ ಚೇಂಬರ್ ಗೋಡೆಯನ್ನೇ ಉಬ್ಬಿಸಬಹುದು, ಆಮೇಲೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ. ರಿಂಗ್ ಕೂರಿಸುವ ಮೊದಲು ಕೊಳವೆಯಷ್ಟೇ ದಪ್ಪದ ನೇರ ಉಕ್ಕಿನ ಸರಳನ್ನು ಎರಡೂ ರಿಂಗ್‌ನಲ್ಲಿ ಇಟ್ಟು ನೋಡಿ, ಅದು ಒತ್ತಾಯವಿಲ್ಲದೆ ಕೂತರೆ ಮಾತ್ರ ಸ್ಕೋಪ್ ಇಡಿ. ಹಳೆಯ ರಿಂಗನ್ನು ಉಜ್ಜಿ ಸರಿಮಾಡಬೇಡಿ, ಬೇಸಿನ ಅಡಿಗೆ ಹಿತ್ತಾಳೆಯ ತೆಳು ಶಿಮ್ (ಎತ್ತರ ಹೊಂದಿಸುವ ತಗಡು) ಹಾಕಿ. ಎರಡು ಬೇಸಿನ ಅಂತರ 5 ಇಂಚು ಇದ್ದರೆ 0.001 ಇಂಚಿನ ಶಿಮ್ 100 ಗಜದಲ್ಲಿ ಗುಂಡನ್ನು 0.72 ಇಂಚು ಸರಿಸುತ್ತದೆ. 0.005 ಇಂಚಿನದು ಸುಮಾರು ಮೂರೂವರೆ ಇಂಚು. ಎ5, 5ಎ ಬಗೆಯ ಉದ್ದ ಸ್ಕೋಪ್‌ಗಳಲ್ಲಿ ಅಂತರವನ್ನು 7.2 ಇಂಚಿಗೆ ಇಡುವುದರ ಗುಟ್ಟೂ ಇದೇ ಲೆಕ್ಕ: ಆಗ 0.001 ಇಂಚಿಗೆ 100 ಗಜದಲ್ಲಿ ಸರಿಯಾಗಿ ಅರ್ಧ ಇಂಚು ಬರುತ್ತದೆ. ಆ ಸ್ಕೋಪ್‌ಗಳು ಗುಂಡಿನ ಒದೆತಕ್ಕೆ ಮೌಂಟ್‌ನಲ್ಲಿ ಮುಂದಕ್ಕೆ ಜಾರುತ್ತವೆ, ಪ್ರತಿ ಸಲ ಕೈಯಿಂದ ಹಿಂದಕ್ಕೆ ಎಳೆಯಬೇಕು. ಜಾರದಂತೆ ಬಿಗಿದರೆ ಒದೆತವೆಲ್ಲ ಕೊಳವೆಗೂ ಮೌಂಟ್ ಸ್ಕ್ರೂಗೂ ಬೀಳುತ್ತದೆ.

ಹೊಂದಾಣಿಕೆ ಒಳಗಿರುವ ಸ್ಕೋಪ್ ಆದರೆ ಮೊದಲು ತಿರುಪುಗಳಿಂದ ಕ್ರಾಸ್‌ಹೇರನ್ನು ನೋಟದ ನಡುವಿಗೆ ತನ್ನಿ. ದೊಡ್ಡ ತಿದ್ದುಪಡಿಯನ್ನು ಮೌಂಟಿನ ಪಕ್ಕದ ತಿರುಪು, ಶಿಮ್‌ಗಳಿಂದಲೇ ಮಾಡಿ, ಕೊನೆಯ ಒಂದೆರಡು ಇಂಚನ್ನಷ್ಟೇ ಸ್ಕೋಪಿಗೆ ಬಿಡಿ. ರಿಂಗ್ ಸ್ಕ್ರೂಗೆ 10 ಇಂಚು-ಪೌಂಡ್ ದಾಟಬೇಡಿ. ಹಿಡಿಯ ಮೇಲಂಚು ರೈಫಲ್ಲಿನ ಮೂಲ ಕಬ್ಬಿಣದ ಸೈಟಿಗೆ ತಕ್ಕಂತೆ ತಗ್ಗಾಗಿರುವುದರಿಂದ ಕೆನ್ನೆ ಗಾಳಿಯಲ್ಲಿ ನಿಲ್ಲುತ್ತದೆ. ದಾರ ಕಟ್ಟುವ ಚರ್ಮದ ಕೆನ್ನೆದಿಂಬು ಅದಕ್ಕೆ ಹಳೆಯ ಪರಿಹಾರ, ಮರಕ್ಕೆ ಮೊಳೆ ಬೀಳುವುದಿಲ್ಲ. ಬಳಕೆ ಮುಗಿದ ಮೇಲೆ ಅದನ್ನು ತೆಗೆದಿಡಿ, ಚರ್ಮದ ಅಡಿಯಲ್ಲಿ ಮರ ಬೆವರುತ್ತದೆ.

ಗುಂಡು ಹಾರಿಸುವುದಾದರೆ

ಗನ್‌ಸ್ಮಿತ್ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ಚೇಂಬರಿನಲ್ಲಿ ತೋಟಾಕ್ಕೆ ಉಳಿಯುವ ಜಾಗ) ಅಳೆದು ಹೇಳಿದ ಮೇಲೆಯೇ. ಭಾರತದಿಂದ ಹೋದವರಿಗೆ '.303' ಎಂದರೆ ಪೊಲೀಸರ ಲೀ ಎನ್‌ಫೀಲ್ಡ್ ನೆನಪಾಗುತ್ತದೆ. .303 ಸ್ಯಾವೇಜ್ ಬೇರೆಯೇ ತೋಟಾ, .303 ಬ್ರಿಟಿಷ್ ಅದಕ್ಕೆ ಹಾಕುವಂತಿಲ್ಲ. .250-3000 ಬೋರಿನ ಹಳೆಯ ಬ್ಯಾರೆಲ್‌ಗಳು ಒಳಗಿನ ಸುರುಳಿ ಗೆರೆ 14 ಇಂಚಿಗೆ ಒಂದು ಸುತ್ತು ಬರುವಂಥವು. 87 ಗ್ರೇನ್ ತೂಕದ ಗುಂಡಿಗೆ ಅದು ಸರಿ, ಉದ್ದನೆಯ 100 ಗ್ರೇನ್ ಚೂಪು ಗುಂಡು ಕೆಲವು ರೈಫಲ್‌ಗಳಲ್ಲಿ ಸ್ಥಿರವಾಗದೆ ಕಾಗದಕ್ಕೆ ಓರೆಯಾಗಿ ಬಡಿಯುತ್ತದೆ. ಕರಿಮದ್ದಿನ ಕಾಲದ ವಿಂಚೆಸ್ಟರ್, ಮಾರ್ಲಿನ್‌ಗಳಿಗೆ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕುವ ಯೋಚನೆಯೇ ಬೇಡ.

ಇಡುವುದು

ತೇವಾಂಶ ಶೇ. 45ರಿಂದ 50ರೊಳಗೆ. ಚರ್ಮದ ಚೀಲದಲ್ಲಿ ಎಂದೂ ಇಡಬೇಡಿ, ಚರ್ಮ ಹದ ಮಾಡಿದ ರಾಸಾಯನಿಕ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಹೊರಗಿನ ಲೋಹಕ್ಕೆ ಎಣ್ಣೆಗಿಂತ ಮೈಕ್ರೋಕ್ರಿಸ್ಟಲಿನ್ ಮೇಣದ ತೆಳು ಲೇಪ ಒಳ್ಳೆಯದು. ಎಣ್ಣೆ ಇಳಿದು ಹಿಡಿಯ ಮರಕ್ಕೆ ಸೇರಿದರೆ ಟ್ಯಾಂಗ್ ಸುತ್ತ ಮರ ಮೆತ್ತಗಾಗುತ್ತದೆ. ದೀರ್ಘಕಾಲ ಇಡುವಾಗ ಮೂತಿ ಕೆಳಗಾಗಿ ನಿಲ್ಲಿಸುವುದು ಇದೇ ಕಾರಣಕ್ಕೆ. ಲೆನ್ಸಿನ ಧೂಳನ್ನು ಮೊದಲು ಗಾಳಿಯಿಂದ, ಆಮೇಲೆ ಮೃದು ಬ್ರಶ್ಶಿನಿಂದ ತೆಗೆಯಿರಿ, ಕೊನೆಗೆ ಲೆನ್ಸ್ ಕಾಗದಕ್ಕೆ ಒಂದು ಹನಿ ಡಿಸ್ಟಿಲ್ಡ್ ನೀರು. ಆಲ್ಕೋಹಾಲ್, ಥಿನ್ನರ್ ಅಂಚಿನಿಂದ ಒಳಸೇರಿದರೆ ಬಾಲ್ಸಮ್ ಕರಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೂ ಅದೇ ಗತಿ.

ದಾಖಲೆ

ವಯೋಮಿಂಗ್‌ನ ಕೋಡಿ ಊರಿನ ಬಫಲೋ ಬಿಲ್ ಸೆಂಟರ್‌ನಲ್ಲಿರುವ ಬಂದೂಕು ಸಂಗ್ರಹಾಲಯದ ಬಳಿ ವಿಂಚೆಸ್ಟರಿನ ಹಳೆಯ ಲೆಡ್ಜರುಗಳೂ ಮಾರ್ಲಿನ್‌ನ ಕೆಲವು ದಾಖಲೆಗಳೂ ಇವೆ. ಶುಲ್ಕ ಕಟ್ಟಿ ಸೀರಿಯಲ್ ಸಂಖ್ಯೆ ಕೊಟ್ಟರೆ, ಅದು ಉಳಿದಿರುವ ಪುಟಗಳಲ್ಲಿದ್ದರೆ, ರೈಫಲ್ ಕಾರ್ಖಾನೆಯಿಂದ ಹೇಗೆ ಹೊರಟಿತು ಎಂಬ ಪತ್ರ ಸಿಗುತ್ತದೆ. ಎಲ್ಲ ಮಾಡೆಲ್‌ಗಳ ಎಲ್ಲ ಸಂಖ್ಯೆಗಳೂ ಅಲ್ಲಿಲ್ಲ, ಕೊಳ್ಳುವ ಮೊದಲೇ ವ್ಯಾಪ್ತಿ ವಿಚಾರಿಸಿ. ಸ್ಕೋಪ್ ಬೇಟೆಗಾರ ಆಮೇಲೆ ಕೂರಿಸಿಕೊಂಡದ್ದಾದರೆ ಈ ಪತ್ರ ಅದರ ಬಗ್ಗೆ ಏನನ್ನೂ ಹೇಳದು. ಅದಕ್ಕೆ ಸಾಕ್ಷಿ ನೀವೇ ತೆಗೆದ ಫೋಟೋಗಳು: ಬೇಸ್ ಅಡಿಯ ಲೋಹ, ರಿಂಗ್ ಗುರುತು, ಪ್ರತಿ ತೂತು, ಪಕ್ಕದಲ್ಲಿ ಸ್ಕೇಲ್ ಇಟ್ಟು. ತೆಗೆದ ಮೂಲ ಸ್ಕ್ರೂ, ತೂತು ಮುಚ್ಚುವ ಸ್ಕ್ರೂ, ಕಬ್ಬಿಣದ ಸೈಟ್ ಇವನ್ನು ಸೀರಿಯಲ್ ಸಂಖ್ಯೆ ಬರೆದ ಪೊಟ್ಟಣದಲ್ಲಿ ರೈಫಲ್ ಜೊತೆಗೇ ಇಡಿ. 99ರ ಹಳೆಯ ಟ್ಯಾಂಗ್ ಸ್ಕ್ರೂ ಕಳೆದರೆ ಅದೇ ಬಣ್ಣಕ್ಕೆ ತಿರುಗಿದ ಇನ್ನೊಂದು ಸಿಗಲು ವರ್ಷಗಟ್ಟಲೆ ಹುಡುಕಬೇಕಾದೀತು.